ಒಂದೇ ಚಿತ್ರ, ಎರಡು ಹೆಸರು

ಜಯಲಕ್ಷ್ಮಿಪುರಂ, ಮೈಸೂರು
೧೨ ಜೂನ್ ೨೦೨೩

ಶ್ರೀ ಗೌತಮ್ ಅವರಿಗೆ,

ಹದಿಮೂರು ವರ್ಷದ ಮೇಲೆ ನನ್ನಿಂದ ಕಾಗದ ಬಂತೆಂದು ಗಾಬರಿಯಾಗಬೇಡಿ. ಇದು ಕೆಲಸದ ಕಾಗದ.

ಲಹರಿ ಎನ್ನುವವರು ನಿಮಗೂ ಫೋನ್ ಮಾಡಿರಬೇಕು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಶಾಲೆಗಳ ಕಂಪ್ಯೂಟರುಗಳಿಗೆ ಕನ್ನಡ ಡೆಸ್ಕ್‌ಟಾಪ್ ಹಾಕಿಕೊಡುವ ನಮ್ಮ ಹಳೆಯ ಬಳಗವನ್ನು ಈಗ ನಡೆಸುತ್ತಿರುವವರು ಅವರೇ. ಶಿವರಾಂಪೇಟೆಯ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾವಿಬ್ಬರೂ ಬರೆದ ಇನ್ನೂರ ಹನ್ನೆರಡು ಐಕಾನುಗಳು ಆಮೇಲೆ ಎರಡು ಪಾಲಾದವಲ್ಲ? ನಾನು ನನ್ನ ಪ್ರತಿಯ ಚಿತ್ರಗಳನ್ನೆಲ್ಲ ಒಟ್ಟಿಗೆ ಕಟ್ಟಿ ‘ಸಂಪಿಗೆ’ ಎಂಬ ಥೀಮ್ ಮಾಡಿದೆ, ನೀವು ನಿಮ್ಮ ಪ್ರತಿಯಿಂದ ‘ನೇರಳೆ’ ಮಾಡಿದಿರಿ. ನಾನು ನನಗೆ ತೋಚಿದ ಹೆಸರು ಇಡುತ್ತ ಹೋದೆ, ನೀವು ನಿಮಗೆ ತೋಚಿದ್ದು.

ಈಗ ಅದೇ ತೊಂದರೆಯಾಗಿದೆ. ಯಾವುದಾದರೂ ಶಾಲೆಯ ಮೇಷ್ಟರು ಸಂಪಿಗೆಯನ್ನು ತೆಗೆದು ನೇರಳೆ ಹಾಕಿದರೆ ಪರದೆಯ ಮೇಲಿನ ಅರ್ಧಕ್ಕಿಂತ ಹೆಚ್ಚು ಚಿತ್ರ ಮಾಯವಾಗಿ ಬಿಳಿಯ ಚೌಕಗಳು ಉಳಿಯುತ್ತವೆ. ಚಿತ್ರ ಇಲ್ಲವೆಂದಲ್ಲ. ಕಂಪ್ಯೂಟರು ಒಂದು ಹೆಸರು ಹಿಡಿದು ಹುಡುಕುತ್ತದೆ, ಅದೇ ಚಿತ್ರ ಇನ್ನೊಂದು ಹೆಸರಿನಲ್ಲಿ ಅಲ್ಲೇ ಕೂತಿರುತ್ತದೆ. ದಸರಾ ರಜೆಯೊಳಗೆ ಎರಡು ಥೀಮ್‌ಗಳಿಗೂ ಒಂದೇ ಹೆಸರಿನ ಪಟ್ಟಿ ಬೇಕಂತೆ. “ಇಬ್ರೂ ಒಂದೇ ಊರಲ್ಲಿದ್ದೀರಲ್ಲ ಮೇಡಂ, ಎರಡು ಭಾನುವಾರ ಕೂತ್ಕೊಂಡ್ರೆ ಮುಗಿದೋಗುತ್ತೆ” ಎಂದರು ಲಹರಿ. ಅವರಿಗೆ ಏನೂ ಗೊತ್ತಿಲ್ಲ. ನಾನು, ಪತ್ರದಲ್ಲೇ ಮುಗಿಸುತ್ತೇವೆ ಎಂದೆ.

ಬಳಗದ ಮೇಲ್‌ನಲ್ಲಿ ಬರೆದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದಕ್ಕೇ ಅಂಚೆ. ನೀವು ಸಿದ್ಧಾರ್ಥನಗರದ ಅದೇ ಮನೆಯಲ್ಲಿದ್ದೀರಿ ಎಂದು ತಿಳಿಯಿತು. ಎಪ್ಪತ್ತನಾಲ್ಕು ಚಿತ್ರಗಳಿಗೆ ಇಬ್ಬರೂ ಇಟ್ಟ ಹೆಸರು ಹೇಗೋ ಒಂದೇ ಆಗಿದೆ; ಉಳಿದ ನೂರ ಮೂವತ್ತೆಂಟರಲ್ಲಿ ಮೊದಲ ಮೂವತ್ತು ಹೆಸರು ಜೊತೆಯಲ್ಲಿಟ್ಟಿದ್ದೇನೆ. ಒಪ್ಪಿಗೆಯಾದದ್ದಕ್ಕೆ ಗೀಟು ಹಾಕಿ, ಆಗದ್ದಕ್ಕೆ ಪಕ್ಕದಲ್ಲಿ ನಿಮ್ಮ ಹೆಸರು ಬರೆದು ಕಳುಹಿಸಿ.

ನಾನು ಈಗಲೂ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅಮ್ಮನೂ ನಾನೂ ಇದ್ದೇವೆ. ನಿಮ್ಮ ತಾಯಿ ಬಸವಮ್ಮನವರು ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ.

ಬಿಂದುಶ್ರೀ


ಸಿದ್ಧಾರ್ಥನಗರ
೧ ಜುಲೈ ೨೦೨೩

ಬಿಂದುಶ್ರೀ ಅವರಿಗೆ,

ಕಾಗದ ತಲುಪಿತು. ನಿಮ್ಮ ತಂದೆ ಪುಟ್ಟಸ್ವಾಮಿಯವರು ಹೋದದ್ದು ನನಗೆ ತಿಳಿದಿರಲಿಲ್ಲ. ಅಮ್ಮ ಇದ್ದಾಳೆ, ಮಂಡಿ ನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ.

ನಿಮ್ಮ ಮೂವತ್ತು ಹೆಸರುಗಳಲ್ಲಿ ಹನ್ನೊಂದನ್ನು ಒಪ್ಪುತ್ತೇನೆ. ಉಳಿದವು ಚಿತ್ರ ಹೇಗಿದೆ ಎಂದು ಹೇಳುತ್ತವೆಯೇ ಹೊರತು ಅದನ್ನು ಒತ್ತಿದರೆ ಏನಾಗುತ್ತದೆ ಎಂದು ಹೇಳುವುದಿಲ್ಲ. ‘ಭೂತಗನ್ನಡಿ’ ಬೇಡ, ‘ಹುಡುಕು’ ಇರಲಿ. ‘ಕಬ್ಬಿಣದ ಪೆಟ್ಟಿಗೆ’ ಬೇಡ, ‘ಉಳಿಸು’ ಇರಲಿ. ಬೇರೆ ಬೇರೆ ದೇಶದ ಡೆಸ್ಕ್‌ಟಾಪಿನವರೂ ಇದೇ ಜಗಳವಾಡಿ ಕೊನೆಗೆ ಒಂದು ಪಟ್ಟಿಗೆ ಬಂದಿದ್ದಾರೆ. ಅವರು ಹೆಸರನ್ನು ಸಾಮಾನ್ಯದಿಂದ ಶುರುಮಾಡುತ್ತಾರೆ, ವಿಶೇಷ ಆಮೇಲೆ, ನಡುವೆ ಒಂದು ಅಡ್ಡಗೆರೆ. ‘ಫೋಲ್ಡರ್-ಹಾಡು’ ಎಂದಿಟ್ಟರೆ, ಹಾಡಿನ ಚಿತ್ರ ಇಲ್ಲದ ಥೀಮ್‌ನಲ್ಲಿ ಕಂಪ್ಯೂಟರು ಕೊನೆಯ ತುಂಡನ್ನು ಬಿಟ್ಟು ಬರಿಯ ‘ಫೋಲ್ಡರ್’ ಹುಡುಕಿ ತೋರಿಸುತ್ತದೆ. ಖಾಲಿ ಚೌಕ ಬರುವುದಿಲ್ಲ. ನಾವೂ ಹಾಗೇ ಮಾಡೋಣ.

ಹೆಸರಿನ ಬಗ್ಗೆ ಇಷ್ಟು ಹಟ ಯಾಕೆಂದು ನಿಮಗನ್ನಿಸಬಹುದು. ನಾನೀಗ ಅಂಧರ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಅಲ್ಲಿ ಪರದೆಯನ್ನು ಗಟ್ಟಿಯಾಗಿ ಓದುವ ತಂತ್ರಾಂಶವಿದೆ. ಶಾಲೆಗಳಿಗೆಂದು ಬಳಗ ಮಾಡಿದ ಬರವಣಿಗೆಯ ಪ್ರೋಗ್ರಾಮಿನಲ್ಲಿ ಗುಂಡಿಗಳ ಮೇಲೆ ಅಕ್ಷರವಿಲ್ಲ, ಚಿತ್ರ ಮಾತ್ರ. ಆದ್ದರಿಂದ ಅದು ಚಿತ್ರದ ಹೆಸರನ್ನೇ ಉಚ್ಚರಿಸುತ್ತದೆ. ಸಣ್ಣಮಾದಯ್ಯ ಎಂಬ ಐವತ್ತೆರಡು ವರ್ಷದವರೊಬ್ಬರು ಅಲ್ಲಿ ಕಲಿಯುತ್ತಿದ್ದಾರೆ, ಬಸ್ ಕಂಡಕ್ಟರ್ ಆಗಿದ್ದವರು. ಹೋದ ತಿಂಗಳು ಮೂರು ಗಂಟೆ ಕೂತು ತಮ್ಮ ಮೊಟ್ಟಮೊದಲ ಅರ್ಜಿಯನ್ನು ತಾವೇ ಟೈಪ್ ಮಾಡಿದರು. ಮುಗಿದ ಮೇಲೆ ‘ಮೊರ’ ಎಂದು ಕೇಳಿಸಿದ ಗುಂಡಿಯನ್ನು ಒತ್ತಿದರು. ಅರ್ಜಿ ಅಳಿಸಿಹೋಯಿತು. “ಮೊರ ಅಂದ್ರೆ ಕೇರೋದಲ್ವಾ ಸಾ? ಹೊಟ್ಟು ಹೋಗಿ ಕಾಳು ಉಳೀತದೆ ಅಂದ್ಕಂಡೆ” ಎಂದರು. ಆ ಮೊರ ನಿಮ್ಮ ಥೀಮಿನದು.

ಇನ್ನು ಮುಂದೆ ದಯವಿಟ್ಟು ಟೈಪ್ ಮಾಡಿ ಮೇಲ್‌ನಲ್ಲಿ ಕಳುಹಿಸಿ. ನನ್ನ ಸ್ವಂತ ವಿಳಾಸ ಕೆಳಗಿದೆ, ಬಳಗದವರು ಯಾರೂ ನೋಡುವುದಿಲ್ಲ. ನಿಮ್ಮ ಕೈಬರಹ ಓದಲು ಆಗುತ್ತಿಲ್ಲ.

ಗೌತಮ್


ಜಯಲಕ್ಷ್ಮಿಪುರಂ
೯ ಜುಲೈ ೨೦೨೩

ಗೌತಮ್ ಅವರಿಗೆ,

ಮೊರ ತೆಗೆದಿದ್ದೇನೆ. ‘ಅಳಿಸು’ ಎಂದೇ ಇರಲಿ. ಆ ಸಣ್ಣಮಾದಯ್ಯನವರಿಗೆ ನನ್ನ ಪರವಾಗಿ ತಪ್ಪಾಯಿತೆಂದು ಹೇಳಿ. ಮೊರ ಬರೆದ ದಿನ ಅದು ಬಹಳ ಚೆನ್ನಾಗಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಯಾರೋ ಒಬ್ಬರು ಅದನ್ನು ಕಿವಿಯಲ್ಲಿ ಕೇಳುತ್ತಾರೆಂದು ಹೊಳೆಯಲೇ ಇಲ್ಲ.

ಆದರೆ ನನ್ನ ಕೈಬರಹ ಓದಲಾಗುವುದಿಲ್ಲ ಎಂದಿರಲ್ಲ, ಅದು ನಾಟಿತು. ಒಂದು ಕಾಲಕ್ಕೆ ನನ್ನ ಅಕ್ಷರವನ್ನು ಅಚ್ಚಿಗೆ ಹಾಕಿಸಬೇಕು ಎಂದವರು ನೀವು. ಕಾಗದಗಳು ಬೇಡ ಎಂದಿದ್ದರೆ ಹಾಗೆಂದೇ ಬರೆಯಬಹುದಿತ್ತು, ಅಕ್ಷರದ ಮೇಲೆ ಹಾಕಬೇಕಾಗಿರಲಿಲ್ಲ.

ಅದಕ್ಕೇ ಇದನ್ನೂ ಕೈಯಲ್ಲೇ ಬರೆದಿದ್ದೇನೆ. ಜೊತೆಗೆ ಒಂದು ಹಾಳೆಯಿದೆ. ಶಾಲೆಯ ಹಾಜರಿ ಪುಸ್ತಕಕ್ಕೆ ಹೊಸ ಐಕಾನ್ ಬೇಕೆಂದು ಲಹರಿ ಕೇಳಿದ್ದಾರೆ. ಮೂರು ಬಗೆಯಾಗಿ ಜಲವರ್ಣದಲ್ಲಿ ಬರೆದಿದ್ದೇನೆ: ಸಾಲಾಗಿ ನಿಂತ ಮಕ್ಕಳು, ಎತ್ತಿದ ಕೈ, ಹೊಸಿಲ ಮುಂದೆ ಬಿಟ್ಟ ಚಪ್ಪಲಿಗಳು. ಯಾವುದು ಸರಿಯಾದೀತೆಂದು ನೋಡಿ ಹೇಳಿ. ನಿಮ್ಮ ಕಣ್ಣಿನ ಮೇಲೆ ನನಗೆ ಈಗಲೂ ನಂಬಿಕೆಯಿದೆ.

ಬಿಂದುಶ್ರೀ


ಸಿದ್ಧಾರ್ಥನಗರ
೨೦ ಆಗಸ್ಟ್ ೨೦೨೩

ಬಿಂದುಶ್ರೀ ಅವರಿಗೆ,

ಆರು ವಾರ ಉತ್ತರ ಬರೆಯದೆ ಕೂತೆ. ಲಹರಿಯವರು ಎರಡು ಸಲ ಫೋನ್ ಮಾಡಿದರು. ನಿಮಗೆ ಕೋಪ ಬಂದಿರಬೇಕು.

ನಿಮ್ಮ ಕಾಗದವನ್ನು ನನಗೆ ಓದಿ ಹೇಳಿದ್ದು ಯಶೋಧಾ ಅಕ್ಕ. ಮೊದಲನೆಯದನ್ನೂ ಅವಳೇ ಓದಿದ್ದು. ಎರಡನೆಯದರ ಕೊನೆಯ ಸಾಲಿಗೆ ಬಂದು ನಿಲ್ಲಿಸಿಬಿಟ್ಟಳು. ಹಾಳೆಯನ್ನು ನನ್ನ ಕೈಗಿಟ್ಟು, “ಏನೋ ಇದು, ಬಣ್ಣ ಹಾಕಿ ಕಳ್ಸವ್ಳೆ, ನೀನು ನೋಡ್ತೀಯ ಅಂದ್ಕಂಡು. ಹೇಳ್ಬುಡು ಕಣೋ” ಎಂದಳು. ಹಾಳೆ ಸ್ವಲ್ಪ ಒರಟಾಗಿತ್ತು. ಬಣ್ಣ ಕುಡಿದ ಕಡೆ ಕಾಗದ ಉಬ್ಬಿತ್ತು. ನನಗೆ ತಿಳಿದದ್ದು ಅಷ್ಟೇ.

ನನಗೆ ಕಣ್ಣು ಕಾಣುವುದಿಲ್ಲ. ಪೂರ್ತಿ ಹೋಗಿ ನಾಲ್ಕು ವರ್ಷವಾಯಿತು. ಕಣ್ಣಿನ ಹಿಂಬದಿಯ ಪದರ ಸವೆಯುತ್ತ ಹೋಗುವ ಕಾಯಿಲೆಯಂತೆ, ವಂಶದಲ್ಲಿ ಬರುವಂಥದ್ದು, ಮದ್ದಿಲ್ಲ. ಮೊದಲು ಸಂಜೆಯ ಬೆಳಕು ಹೋಯಿತು, ಆಮೇಲೆ ಅಕ್ಕಪಕ್ಕ, ಕೊನೆಗೆ ಎದುರಿನದೂ. ನೇರಳೆಯಲ್ಲಿ ಹೊಸ ಚಿತ್ರ ಬರುವುದು ನಿಂತದ್ದು ಯಾಕೆಂದು ಲಹರಿಯವರಿಗೆ ಗೊತ್ತು. ನಿಮಗೆ ಹೇಳಬೇಡಿ ಎಂದು ಕೇಳಿಕೊಂಡಿದ್ದೆ. ನಾನು ಆ ಕೇಂದ್ರಕ್ಕೆ ಹೋದದ್ದು ಕಲಿಸಲಿಕ್ಕಲ್ಲ, ಕಲಿಯಲಿಕ್ಕೆ. ಆಮೇಲೆ ಅಲ್ಲೇ ಉಳಿದೆ.

ಟೈಪ್ ಮಾಡಿ ಎಂದದ್ದು ಇದಕ್ಕೇ. ಟೈಪ್ ಮಾಡಿದ್ದನ್ನು ಕಂಪ್ಯೂಟರು ನನಗೊಬ್ಬನಿಗೇ ಓದಿ ಹೇಳುತ್ತದೆ. ಕೈಬರಹವಾದರೆ ಅಕ್ಕ ಓದಬೇಕು. ನಿಮ್ಮ ಮಾತನ್ನು ಅಕ್ಕನ ಬಾಯಲ್ಲಿ ಕೇಳುವುದು ನನಗೆ ಬೇಕಿರಲಿಲ್ಲ. ಅದನ್ನೇ ಸರಿಯಾಗಿ ಬರೆಯಬಹುದಿತ್ತು, ಬರೆಯಲಿಲ್ಲ.

ಮೂರು ಚಿತ್ರಗಳನ್ನೂ ಅಕ್ಕ ವಿವರಿಸಿದಳು. ಚಪ್ಪಲಿಗಳು ಚೆನ್ನಾಗಿವೆಯಂತೆ. ಹೆಸರು ಮಾತ್ರ ‘ಹಾಜರಿ’ ಎಂದಿರಲಿ.

ಗೌತಮ್


೨೩ ಆಗಸ್ಟ್ ೨೦೨೩

ಗೌತಮ್,

ಟೈಪ್ ಮಾಡುತ್ತಿದ್ದೇನೆ. ತಪ್ಪುಗಳಿದ್ದರೆ ಅದು ಹೇಗೆ ಓದುತ್ತದೋ ಗೊತ್ತಿಲ್ಲ.

ಎರಡು ದಿನ ಶಾಲೆಗೆ ಹೋಗಿ ಪಾಠ ಮಾಡಿ ಬಂದೆ. ಇವತ್ತು ಎಂಟನೇ ತರಗತಿಯಲ್ಲಿ ಮಡಕೆ ಬರೆಸುವಾಗ ಸೀಮೆಸುಣ್ಣ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. “ಮಿಸ್, ಅರ್ಧಕ್ಕೇ ಬಿಟ್ಬಿಟ್ರಿ” ಎಂದರು ಮಕ್ಕಳು.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆವಲ್ಲ. ಹೊತ್ತು ಮುಳುಗಿದ ತಕ್ಷಣ ನೀನು ನನ್ನ ಕೈ ಹಿಡಿಯುತ್ತಿದ್ದೆ. ಹಗಲಲ್ಲಿ ಎಂದೂ ಹಿಡಿದವನಲ್ಲ. ಜನ ನೋಡುತ್ತಾರೆಂದು ಕತ್ತಲಾಗುವುದನ್ನೇ ಕಾಯುತ್ತೀಯ ಎಂದುಕೊಂಡು ನಾನೂ ದಿನವೆಲ್ಲ ಸಂಜೆಗಾಗಿ ಕಾಯುತ್ತಿದ್ದೆ. ಆಗಲೇ ನಿನಗೆ ದಾರಿ ಕಾಣುತ್ತಿರಲಿಲ್ಲವಾ? ನಿನ್ನ ಕಷ್ಟ ಕೇಳಿದ ಮೇಲೆ ನನಗೆ ಮೊದಲು ನೆನಪಾದದ್ದು ಇದು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ಆದರೂ ಕೇಳದೆ ಇರಲಾರೆ.

ಮುಂದಿನ ನಲವತ್ತು ಹೆಸರು ಬೇರೆ ಕಡತದಲ್ಲಿವೆ. ಈ ಸಲ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಜೋರಾಗಿ ಹೇಳಿ ನೋಡಿದೆ. ಹದಿನೇಳನ್ನು ನಾನೇ ಹೊಡೆದುಹಾಕಿದೆ.

ನೀನು ಅಂತ ಬರೆದುಬಿಟ್ಟಿದ್ದೇನೆ. ಹಾಗೇ ಇರಲಿ.

ಬಿಂದು


೧೦ ಸೆಪ್ಟೆಂಬರ್ ೨೦೨೩

ಬಿಂದು,

ಎರಡೂ ಹೌದು. ಸಂಜೆಯಾದರೆ ದಾರಿ ಕಾಣುತ್ತಿರಲಿಲ್ಲ. ಆದರೆ ಕಾಣದವನಿಗೆ ಏರಿಯ ಕಲ್ಲುಕಟ್ಟೆಯೂ ಇತ್ತು, ಗೆಳೆಯ ಮಹೇಂದ್ರನ ಹೆಗಲೂ ಇತ್ತು. ಅವನೂ ಎಷ್ಟೋ ದಿನ ಜೊತೆಗಿದ್ದ, ಅವನ ಕೈ ಹಿಡಿಯಲಿಲ್ಲ.

ನಲವತ್ತೂ ಒಪ್ಪಿಗೆ. ಇನ್ನು ಅರವತ್ತೆಂಟು ಉಳಿದಿವೆ.

ನೀನು ಕೆರೆಯನ್ನು ತಂದೆ, ನಾನು ಇನ್ನೊಂದನ್ನು ತರುತ್ತೇನೆ. ಇಷ್ಟು ವರ್ಷ ನಿನಗೆ ಮನಸ್ಸಿನಲ್ಲೇ ಬರೆದ ಕಾಗದಗಳಲ್ಲೆಲ್ಲ ಇದೊಂದೇ ಮಾತು ಇರುತ್ತಿತ್ತು. ಎರಡು ಸಾವಿರದ ಹತ್ತು, ಫೆಬ್ರವರಿ ಹದಿನೆಂಟು. ಹನ್ನೊಂದು ಗಂಟೆಗೆ ಮದುವೆ ನೋಂದಣಿ ಕಚೇರಿಗೆ ಬಾ ಎಂದು ನೀನೇ ಸಮಯ ಹೇಳಿದ್ದೆ. ನಾವು ಹತ್ತಕ್ಕೇ ಹೋದೆವು. ಅಮ್ಮ ಹೊಸ ಸೀರೆ ಉಟ್ಟಿದ್ದಳು. ಅಕ್ಕ ಕ್ಯಾರಿಯರ್‌ನಲ್ಲಿ ಸಿಹಿ ಮಾಡಿ ತಂದಿದ್ದಳು. ಸಾಕ್ಷಿ ಹಾಕಲು ಬಂದಿದ್ದ ಮಹೇಂದ್ರ ನಿನಗೆ ಹದಿನಾಲ್ಕು ಸಲ ಫೋನ್ ಮಾಡಿದ. ಮಧ್ಯಾಹ್ನವಾಯಿತು. ಗುಮಾಸ್ತರು ಬಂದು ಕೇಳಿದರು. ಅಮ್ಮ, “ಬತ್ತಾಳೆ ಸ್ವಾಮಿ, ಗಾಡಿ ಕೆಟ್ಟಿರ್ಬೇಕು” ಎಂದಳು. ಸಂಜೆ ಕಚೇರಿ ಬಾಗಿಲು ಹಾಕುವವರೆಗೂ ನಮ್ಮನ್ನು ಏಳಲು ಬಿಡಲಿಲ್ಲ.

ನಿನಗೆ ತಿಳಿಯದ ಸಂಗತಿ ಇದು. ಮರುದಿನ ನಾನು ಹಾಸಿಗೆಯಿಂದ ಏಳಲಿಲ್ಲ. ಅಮ್ಮ ಅದೇ ಸೀರೆ ಉಟ್ಟುಕೊಂಡು, ಯಾರಿಗೂ ಹೇಳದೆ, ಎರಡು ಬಸ್ ಬದಲಾಯಿಸಿ ಮತ್ತೆ ಅಲ್ಲಿಗೆ ಹೋಗಿ ಸಂಜೆಯವರೆಗೆ ಕೂತು ಬಂದಳು. ಯಾಕೆ ಹೋಗಿದ್ದೆ ಎಂದರೆ, “ಹುಡ್ಗಿ ತಾರೀಕು ತಪ್ಪು ತಿಳ್ಕಂಡಿದ್ರೆ?” ಎಂದಳು.

ನನಗಾದದ್ದನ್ನು ನಾನು ಹೇಗೋ ನುಂಗಿಕೊಂಡೆ. ಆ ಎರಡನೆಯ ದಿನವನ್ನು ಮಾತ್ರ ನುಂಗಲು ಇನ್ನೂ ಆಗಿಲ್ಲ.

ಉತ್ತರ ಕೊಡಲೇಬೇಕೆಂದಿಲ್ಲ. ಹೆಸರುಗಳನ್ನು ಕಳುಹಿಸು.

ಗೌತಮ್


೨೯ ಅಕ್ಟೋಬರ್ ೨೦೨೩

ಗೌತಮ್,

ದಸರಾ ಮುಗಿಯಿತು. ಲಹರಿ ಕೊಟ್ಟ ಗಡುವೂ ಮುಗಿಯಿತು. “ಮೇಡಂ, ಅರವತ್ತೆಂಟೇ ಅಲ್ವಾ, ಏನಾಯ್ತು?” ಎಂದು ನಿನ್ನೆ ಮನೆಗೇ ಬಂದಿದ್ದರು. ಒಂದು ಕಾಗದ ಬರೆಯದೆ ಹೆಸರು ಬರೆಯಲು ಆಗುತ್ತಿಲ್ಲ ಎಂದೆ. ಆ ಹುಡುಗಿ ನನ್ನ ಮುಖ ನೋಡಿ, ಕಾಫಿ ಕುಡಿದು ಹೋದಳು.

ಅವತ್ತು ನಾನು ಬಂದಿದ್ದೆ.

ಬೆಳಿಗ್ಗೆ ಹಸಿರು ಚೂಡಿದಾರ್ ಹಾಕಿಕೊಂಡು, ಶಾಲೆಯಲ್ಲಿ ಮೀಟಿಂಗ್ ಇದೆ ಎಂದು ಹೇಳಿ ಹೊರಟೆ. ಹೊರಗೆ ಬಂದರೆ ಅಪ್ಪ ನನ್ನ ಸ್ಕೂಟರನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸುತ್ತಿದ್ದರು. ಕನ್ನಡಿ, ಸೀಟು, ನಂಬರ್ ಪ್ಲೇಟು, ಎಲ್ಲ. ಅಪ್ಪ ಎಂದೂ ನನ್ನ ಗಾಡಿ ಮುಟ್ಟಿದವರಲ್ಲ. “ಹುಷಾರಾಗಿ ಹೋಗವ್ವ” ಎಂದರು. ದಾರಿಯುದ್ದಕ್ಕೂ ಆ ಟವೆಲು ಕಣ್ಣಿಗೆ ಕಟ್ಟಿತ್ತು. ಇಷ್ಟು ನಂಬಿದವರಿಗೆ ಮೋಸ ಮಾಡುತ್ತಿದ್ದೇನೆ ಎಂದುಕೊಂಡೆ.

ಕಚೇರಿಯ ಎದುರು, ರಸ್ತೆಯ ಈಚೆ ಮರದ ಕೆಳಗೆ ಗಾಡಿ ನಿಲ್ಲಿಸಿ ಅದರ ಮೇಲೇ ಕೂತೆ. ನೀವೆಲ್ಲ ವರಾಂಡದ ಬೆಂಚಿನ ಮೇಲಿದ್ದಿರಿ. ನಿನ್ನ ಅಮ್ಮ ನಿನ್ನ ಕಾಲರು ಸರಿಮಾಡುತ್ತಿದ್ದರು. ಎಲ್ಲರೂ ನಗುತ್ತಿದ್ದಿರಿ. ಹತ್ತು ಹೆಜ್ಜೆ ದಾಟಿದರೆ ನಾನೂ ಆ ಬೆಂಚಿನವಳು. ಆಗ ನನ್ನೊಳಗೆ ಏನೋ ಹಿಂದಕ್ಕೆ ಸರಿಯಿತು. ಅಪ್ಪನ ಟವೆಲಲ್ಲ ಅದು. ಈ ಬೆಂಚಿನಲ್ಲಿ ಕೂತರೆ ಇನ್ನು ಮುಂದೆ ಜನ ನನ್ನನ್ನು ಏನೆಂದು ಕರೆಯುತ್ತಾರೆ ಎಂಬ ಯೋಚನೆ. ಕಾಲೇಜಿನಲ್ಲಿ ಜಾತಿ ಬೇಡವೆಂದು ಗೋಡೆಯ ಮೇಲೆಲ್ಲ ಬರೆದವಳು ನಾನು. ನನ್ನಲ್ಲಿ ಅದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತು ನಿಮಿಷ ಕೂತಿದ್ದು, ಗಾಡಿ ತಿರುಗಿಸಿಕೊಂಡು ಹೋದೆ. ಫೋನನ್ನು ಆರಿಸಿದೆ.

ಆಮೇಲೆ ಅಪ್ಪನಿಗಾಗಿ ಬಿಟ್ಟೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಬಂದೆ. ಬಂದ ಗಂಡುಗಳನ್ನೆಲ್ಲ ಬೇಡವೆಂದೆ, ಅದನ್ನೂ ಒಂದು ವ್ರತದ ಹಾಗೆ. ನಾಲ್ಕು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಲ್ಲಿದ್ದರು. ಒಂದು ಮಧ್ಯಾಹ್ನ ಅಮ್ಮ ಊಟಕ್ಕೆ ಹೋಗಿದ್ದಾಗ ಇದ್ದಕ್ಕಿದ್ದಂತೆ ಕೇಳಿದರು:

“ಅವತ್ತು ಯಾಕವ್ವ ವಾಪಸ್ ಬಂದ್ಬುಟ್ಟೆ?”

“ಯಾವತ್ತಪ್ಪ?”

“ನಾ ಗಾಡಿ ಒರೆಸ್ಕೊಟ್ಟ ದಿನ. ಕಚೇರಿ ಬೋರ್ಡಲ್ಲಿ ನಿಮ್ಮಿಬ್ರು ಹೆಸ್ರು ಹಾಕವ್ರೆ ಅಂತ ನಮ್ಮಾಫೀಸಿನೋರು ಬಂದು ಹೇಳಿದ್ರು. ಒಂದು ತಿಂಗ್ಳು ನೋಟಿಸು ಅಲ್ಲೇ ಇತ್ತು. ತಕರಾರು ಬರ್ದು ಕೊಡಿ ಅಂದ್ರು. ನಾ ಕೊಡ್ನಿಲ್ಲ. ಬಾಯ್ಬುಟ್ಟು ಹೋಗು ಅನ್ನಾಕೆ ನಂಗೆ ಆಗ್ನಿಲ್ಲ ಕಣವ್ವ. ಗಾಡಿ ಒರೆಸ್ದೆ. ನಿಂಗೆ ಅರ್ಥಾಯ್ತದೆ ಅಂದ್ಕಂಡೆ.”

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಹನ್ನೊಂದು ದಿನಕ್ಕೆ ಹೋದರು.

ನನ್ನನ್ನು ಯಾರೂ ತಡೆದಿರಲಿಲ್ಲ, ಗೌತಮ್. ಇಷ್ಟು ವರ್ಷ ನಿನಗೆ ಬರೆಯದೆ ಇದ್ದದ್ದಕ್ಕೆ ಕಾರಣ ಇದೊಂದೇ. ಯಾರಾದರೂ ತಡೆದಿದ್ದರೆ ಎಂದೋ ಬರೆಯುತ್ತಿದ್ದೆ.

ಬಸವಮ್ಮನವರ ಎರಡನೆಯ ದಿನದ ಬಗ್ಗೆ ಏನು ಬರೆಯಲಿ.

ಅರವತ್ತೆಂಟು ಹೆಸರು ಇದರ ಜೊತೆಗಿವೆ. ಅವುಗಳನ್ನು ಈ ಕಾಗದಕ್ಕೆ ಸೇರಿಸಿ ನೋಡಬೇಡ. ಶಾಲೆಗಳು ಕಾಯುತ್ತಿವೆ.

ಬಿಂದು


ಸಿದ್ಧಾರ್ಥನಗರ
೩ ಡಿಸೆಂಬರ್ ೨೦೨೩

ಬಿಂದು,

ಪಟ್ಟಿಯನ್ನು ಒಂದೇ ದಿನದಲ್ಲಿ ನೋಡಿ ಲಹರಿಯವರಿಗೆ ಕಳುಹಿಸಿದೆ. ಕಾಗದಕ್ಕೆ ಇಷ್ಟು ದಿನ ಬೇಕಾಯಿತು.

ಆ ಯಂತ್ರದ ದನಿಯಲ್ಲಿ ಏರಿಳಿತ ಇಲ್ಲ. ‘ಫೈಲ್’ ಎನ್ನುವುದನ್ನೂ ‘ಅವತ್ತು ನಾನು ಬಂದಿದ್ದೆ’ ಎನ್ನುವುದನ್ನೂ ಒಂದೇ ರಾಗದಲ್ಲಿ ಹೇಳಿತು. ತಪ್ಪು ಕೇಳಿಸಿತೆಂದು ಹಿಂದಕ್ಕೆ ಹೋಗಿ ಹೋಗಿ ಕೇಳಿದೆ. ಆಮೇಲೆ ವಿಪರೀತ ಕೋಪ ಬಂತು. ಬೆಂಚಿನ ಮಾತಿಗೆ. ನಾಲ್ಕು ದಿನ ಕೇಂದ್ರದಲ್ಲಿ ಎಲ್ಲರ ಮೇಲೂ ಸಿಡುಕಿದೆ. ಅಪ್ಪನಿಗಾಗಿ ಬಿಟ್ಟೆ ಎಂದೇ ನೀನು ಬರೆದಿದ್ದರೆ ನನಗೆ ಸುಲಭವಾಗುತ್ತಿತ್ತು, ಬೇಗ ಕ್ಷಮಿಸಿ ದೊಡ್ಡವನಾಗಿಬಿಡುತ್ತಿದ್ದೆ. ನೀನು ಆ ದಾರಿಯನ್ನು ಮುಚ್ಚಿಬಿಟ್ಟೆ. ಈಗ ಕೋಪ ಇದೆಯೇ ಎಂದರೆ ಇದೆ. ಆದರೆ ಎಷ್ಟೋ ವರ್ಷಗಳಿಂದ ನಾನು ಕೋಪಿಸಿಕೊಂಡಿದ್ದು ನಿಜವಾದ ನಿನ್ನ ಮೇಲಲ್ಲ, ನಾನೇ ಕಲ್ಪಿಸಿಕೊಂಡವಳ ಮೇಲೆ. ಈಗಿನದು ನಿನ್ನ ಮೇಲೆ. ಇದು ವಾಸಿ.

ಹೋದ ಭಾನುವಾರ ಅಮ್ಮ ಹೊಸಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೆಂಚಿನ ಮಾತನ್ನೂ ಬಿಡಲಿಲ್ಲ. ಸುಲಿಯುವ ಸದ್ದು ನಿಂತಿತು.

“ಹಂಗೆ ಅನ್ನಿಸ್ತು ಅಂತ ಬರ್ದವ್ಳಾ?”

“ಹೂಂ.”

“ಎಲ್ಲಾರ್ಗೂ ಅನ್ನಿಸ್ತದೆ ಕಣಪ್ಪ. ಯಾರೂ ಬರ್ಯಕಿಲ್ಲ.” ಆಮೇಲೆ, “ನಾ ನೋಡಿದ್ದೆ ಅವ್ಳ” ಎಂದಳು.

ನನಗೆ ಅರ್ಥವಾಗಲಿಲ್ಲ.

“ಅವತ್ತು ರಸ್ತೆ ಆಚೆ, ಮರದಡಿ. ಹಸ್ರು ಬಟ್ಟೆ. ನಮ್ಮನೆ ಬಾಗ್ಲಿಗೆ ಮೂರು ಸಲ ಬಂದಿದ್ಲಲ್ಲ, ಗುರ್ತು ಸಿಕ್ತು. ಕೂಗೋಣ ಅಂದ್ಕಂಡೆ. ಹೆಣ್ಮಗ ಏನೋ ಯೋಚ್ನೆ ಮಾಡ್ತಾವ್ಳೆ, ಕೂಗಿದ್ರೆ ಹೆದ್ರಿಕಂಡಾಳು ಅಂತ ಸುಮ್ಕಾದೆ. ಹೊಂಟೋದ್ಲು. ಇಷ್ಟು ದೂರ ಬಂದೋಳು ಇವತ್ತಲ್ಲ ನಾಳೆ ಧೈರ್ಯ ಮಾಡ್ಯಾಳು ಅಂತ ಮಾರ್ನೆ ದಿನ ಹೋಗಿ ಕೂತಿದ್ದೆ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀ ಅವ್ಳ ಮರ್ತಿದ್ಯಾ?”

ಮತ್ತೆ ಸುಲಿಯಲು ಶುರುಮಾಡಿದಳು. ಬುಟ್ಟಿ ತುಂಬಿದ ಮೇಲೆ ಎದ್ದು ಹೋಗುತ್ತ ಹೇಳಿದಳು: “ಬರೋದಾದ್ರೆ ಊಟಕ್ಕೆ ಬರ್ಲಿ. ಬಾಗ್ಲಲ್ಲಿ ನಿಂತು ಕಾಪಿ ಬ್ಯಾಡ ಅನ್ನೋಕೆ ಬರೋದಾದ್ರೆ ಬರೋದು ಬ್ಯಾಡ.” ಇದನ್ನು ನಿನಗೆ ಹೀಗೇ ಬರೆಯಬೇಕೆಂದು ಅಪ್ಪಣೆಯಾಗಿದೆ. ಬರೆದಿದ್ದೇನೆ.

ಇನ್ನು ಕೆಲಸದ ಸುದ್ದಿ. ಹೊಸ ಆವೃತ್ತಿಯನ್ನು ವಿಜಯನಗರದ ಒಂದು ಶಾಲೆಯಲ್ಲಿ ಮೊದಲು ಹಾಕಿದರು. ಸಂಪಿಗೆಯಿಂದ ನೇರಳೆಗೂ ನೇರಳೆಯಿಂದ ಸಂಪಿಗೆಗೂ ಹತ್ತು ಸಲ ಬದಲಾಯಿಸಿ ನೋಡಿದರಂತೆ. ಒಂದೂ ಖಾಲಿ ಚೌಕ ಬರಲಿಲ್ಲ. ನಮ್ಮ ಕೇಂದ್ರದಲ್ಲೂ ಹಾಕಿದ್ದೇವೆ. ಸಣ್ಣಮಾದಯ್ಯನವರು ಅರ್ಜಿಯನ್ನು ಮತ್ತೆ ಟೈಪ್ ಮಾಡಿ ತಾವೇ ಉಳಿಸಿದರು. ಉಳಿದಿದೆಯೇ ಎಂದು ನಾಲ್ಕು ಸಲ ತೆರೆಸಿ ಕೇಳಿದರು.

ಕೊನೆಗೆ ಒಂದು ಮಾತು, ಕೆಲಸದ್ದಲ್ಲ. ನನ್ನಲ್ಲಿರುವ ನಿನ್ನ ಮುಖ ಇಪ್ಪತ್ತೆಂಟು ವರ್ಷದ್ದು. ಅಮ್ಮ, ಅಕ್ಕ, ಮಹೇಂದ್ರ ಇವರೆಲ್ಲರ ಮುಖಕ್ಕೂ ವಯಸ್ಸಾಗುವುದನ್ನು ಕಣ್ಣು ಹೋಗುವವರೆಗೆ ನೋಡಿದೆ. ನಿನ್ನದು ಮಾತ್ರ ಅಲ್ಲೇ ನಿಂತುಬಿಟ್ಟಿದೆ. ಈ ಕಾಗದಗಳನ್ನು ಬರೆಯುತ್ತಿರುವವಳು ಆ ಹುಡುಗಿಯಲ್ಲ ಎಂದು ಗೊತ್ತಾಗುತ್ತದೆ, ಆದರೆ ಇವಳು ಹೇಗಿದ್ದಾಳೆ ಎಂದು ಗೊತ್ತಾಗುತ್ತಿಲ್ಲ. ಯಾರನ್ನು ಕೇಳಲಿ? ನೀನೇ ಹೇಳು.

ಗೌತಮ್


ಜಯಲಕ್ಷ್ಮಿಪುರಂ
೧೪ ಡಿಸೆಂಬರ್ ೨೦೨೩, ಗುರುವಾರ

ಗೌತಮ್,

ಕನ್ನಡಿಯ ಮುಂದೆ ಮೇಜು ಎಳೆದುಕೊಂಡು ಕೂತಿದ್ದೇನೆ. ಅಮ್ಮ ಎರಡು ಸಲ ಇಣುಕಿ ಹೋದರು.

ಅವರಿಗೆ ಮೊನ್ನೆ ಹೇಳಿದೆ, ಸಿದ್ಧಾರ್ಥನಗರಕ್ಕೆ ಊಟಕ್ಕೆ ಹೋಗುತ್ತೇನೆ, ಬಸವಮ್ಮನವರ ಮನೆಗೆ ಎಂದು. “ಊಟಾನೇ ಮಾಡ್ತೀಯಾ?” ಎಂದರು. ಹೌದೆಂದೆ. ಒಂದು ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ತಿಂಡಿ ಬಡಿಸುವಾಗ, “ನಿಮ್ಮಪ್ಪ ಇದ್ದಿದ್ರೆ ಬರಿಗೈಲಿ ಹೋಗ್ಬ್ಯಾಡ ಅಂತಿದ್ರು” ಎಂದರು. ಅಪ್ಪ ಒಪ್ಪಿದ್ದು ಅಮ್ಮನಿಗೂ ಗೊತ್ತಿತ್ತು ಎಂದು ನನಗೆ ತಿಳಿದದ್ದು ಈಗ. ಈ ಮನೆಯಲ್ಲಿ ನಾವು ಮೂವರೂ ಒಬ್ಬರಿಗೊಬ್ಬರು ಹೇಳದೆ ಎಷ್ಟು ವರ್ಷ ಕಳೆದೆವು ನೋಡು.

ನಿನ್ನ ಅಮ್ಮನ ಮಾತು ಸರಿ. ಮೂರು ಸಲ ನಿಮ್ಮ ಬಾಗಿಲಿಗೆ ಬಂದಿದ್ದೆ. ಮೂರು ಸಲವೂ ಕಾಫಿ ಬೇಡ, ಆತುರವಿದೆ ಎಂದೆ. ಆತುರವಿರಲಿಲ್ಲ. ಇದನ್ನು ಅವರ ಮುಂದೆಯೇ ಹೇಳುತ್ತೇನೆ.

ನೀನು ಕೇಳಿದ್ದು. ಮಕ್ಕಳಿಗೆ ಹೇಳಿಕೊಡುವ ಕ್ರಮದಲ್ಲೇ ಹೇಳುತ್ತೇನೆ, ಮೊದಲು ಇಡೀ ಆಕಾರ, ಆಮೇಲೆ ವಿವರ. ಮೊದಲಿನಷ್ಟು ಸಣ್ಣಗಿಲ್ಲ. ಮುಖ ಉದ್ದಕ್ಕಿದ್ದದ್ದು ಈಗ ಗುಂಡಗಾಗಿದೆ, ಗಲ್ಲದ ಕೆಳಗೆ ಇನ್ನೊಂದು ಗಲ್ಲ ಬರಬೇಕೋ ಬೇಡವೋ ಎಂದು ಯೋಚಿಸುತ್ತಿದೆ. ಕೂದಲು ಅರ್ಧಕ್ಕರ್ಧ ನೆರೆತಿದೆ. ಎಡಗಡೆ ಹೆಚ್ಚು, ಬೈತಲೆಯಿಂದ ಕಿವಿಯವರೆಗೆ ಒಂದು ಬಿಳಿಯ ಪಟ್ಟೆ. ಎರಡು ವರ್ಷ ಬಣ್ಣ ಹಾಕಿದೆ, ಬೇಜಾರಾಗಿ ಬಿಟ್ಟೆ. ಜಡೆ ಇಲ್ಲ, ಭುಜದವರೆಗೆ ಕತ್ತರಿಸಿದ್ದೇನೆ. ಕನ್ನಡಕ ಬಂದಿದೆ, ಕಪ್ಪು ಚೌಕಟ್ಟು. ಮೂಗಿನ ಎರಡು ಬದಿಯಲ್ಲೂ ಅದು ಒತ್ತಿ ಗುರುತು ಬಿದ್ದಿದೆ. ಕಣ್ಣಿನ ಕೆಳಗೆ ಕಪ್ಪು. ಹುಬ್ಬುಗಳ ನಡುವೆ ಒಂದು ಗೆರೆ, ಮಕ್ಕಳನ್ನು ಗದರಿಸಿ ಗದರಿಸಿ ಬಂದದ್ದು. ಬಾಯಿಯ ಎರಡು ಕಡೆಯ ಗೆರೆಗಳು ನಕ್ಕು ಬಂದವು ಎಂದು ಹೇಳುವ ಆಸೆ, ಆದರೆ ಅಪ್ಪನಿಗೂ ಹೀಗೇ ಇದ್ದವು. ಮೇಲಿನ ಸಾಲಿನ ಒಂದು ಹಲ್ಲು ಹೋಗಿದೆ, ಬಾಯಿ ಪೂರ್ತಿ ತೆರೆದು ನಕ್ಕರೆ ಮಾತ್ರ ಕಾಣುತ್ತದೆ. ಈಚೆಗೆ ಹಾಗೆ ನಕ್ಕಿದ್ದು ಕಡಿಮೆ. ಬೆರಳ ತುದಿಗಳು ಸೀಮೆಸುಣ್ಣಕ್ಕೆ ಒಡೆದಿವೆ.

ಓದಿ ನೋಡಿದೆ. ಒಂದೂ ಸುಳ್ಳಲ್ಲ, ಆದರೂ ಇದು ನಾನಲ್ಲ ಎನ್ನಿಸುತ್ತಿದೆ. ನಿನ್ನ ಯಂತ್ರ ಇದನ್ನೆಲ್ಲ ಒಂದೇ ರಾಗದಲ್ಲಿ ಓದುವುದನ್ನು ನೆನೆದರೆ ನಗು ಬರುತ್ತದೆ, ಅಳುವೂ ಬರುತ್ತದೆ.

ಭಾನುವಾರ ಹನ್ನೆರಡು ಗಂಟೆಗೆ ಬರುತ್ತೇನೆ. ಊಟ ಮಾಡುತ್ತೇನೆ. ಆಮೇಲೆ ನಿನ್ನ ಎದುರಿಗೆ, ಹತ್ತಿರ ಕೂರುತ್ತೇನೆ. ಕನ್ನಡಕ ತೆಗೆದಿಟ್ಟಿರುತ್ತೇನೆ. ಕೈಯಿಂದ ನೋಡಿಕೋ.

ಬಿಂದು